ಎಳ್ಳು ಹಚ್ಚಿದ ಅನ್ನದುಂಡೆ

ಮೂರನೆಯ ತಟ್ಟೆ ಮೇಜಿಗೆ ಬಂದದ್ದೇ ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡರು. ತುಂಡು ಬಾಳೆಲೆಯ ಮೇಲೆ ಅಂಟು ಅನ್ನದ ಉಂಡೆ, ಮೈತುಂಬ ಕರಿ ಎಳ್ಳು. ಥೇಟ್ ಪಿಂಡ! ಅಮ್ಮ ಹೋದ ಮೇಲೆ ಮನೆ ಬಿಟ್ಟು ಹೊರಡದ ಅಪ್ಪನನ್ನು ಅಂಧೇರಿಯ ಈ ಏಷ್ಯನ್ ಫ್ಯೂಷನ್ ರೆಸ್ಟೋರೆಂಟಿಗೆ ನಾನೇ ಬಲವಂತವಾಗಿ ಊಟಕ್ಕೆ ಕರೆತಂದಿದ್ದೆ. ಬೇರೆ ಏನಾದರೂ ಕೊಡಿ ಎಂದರೆ ವೇಟರ್, "ಸೆಟ್ ಮೆನು ಹೈ ಸರ್, ಚೇಂಜ್ ನಹೀಂ ಹೋತಾ" ಎಂದ.

ಅಪ್ಪ ಆ ಎಲೆಯನ್ನು ಮೆಲ್ಲಗೆ ಗಾಜಿನ ಕಿಟಕಿಯತ್ತ ಸರಿಸಿ, ಲೋಟದ ನೀರನ್ನು ಸುತ್ತ ಬಿಟ್ಟರು.

"ಈ ಕಿಟಕಿ ತೆಗೀತಾರೇನೋ ಕೇಳು. ಅವತ್ತು ನಮ್ಮ ಬಿಲ್ಡಿಂಗ್ ಟೆರೇಸಿಗೆ ಒಂದು ಕಾಗೇನೂ ಬರಲಿಲ್ಲ."

ಅದು ತೆರೆಯುವ ಕಿಟಕಿಯಲ್ಲ.

ಅಮ್ಮನ ಕಾರ್ಯದ ದಿನ ಕಾಗೆ ಪಿಂಡ ಮುಟ್ಟದಿದ್ದಾಗ ಪುರೋಹಿತರು, ಏನೋ ಆಸೆ ಉಳಿದಿದೆ ಎಂದಿದ್ದರು. ಕೊನೆಗೆ ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿ ಎದ್ದಿದ್ದೆವು. ಆ ಆಸೆ ನನಗೆ ಗೊತ್ತಿತ್ತು. ಮೆಟ್ರೋದಲ್ಲಿ ಹೋಗುವಾಗಲೆಲ್ಲ ಅಮ್ಮ ಇದೇ ಗಾಜಿನ ಕಿಟಕಿ ತೋರಿಸಿ, ಅಲ್ಲಿ ಏನು ತಿನ್ನುತ್ತಾರೋ ಎನ್ನುತ್ತಿದ್ದಳು. ನಾನು ಪ್ರತಿ ಸಲವೂ, ಮುಂದಿನ ತಿಂಗಳು ಹೋಗೋಣ ಎನ್ನುತ್ತಿದ್ದೆ.