ಗೇಟಿನ ಮುಂದೆ ಎರಡು ಕಾರು

ಶಿರಸಿ ಹತ್ತಿರದ ಇಸಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮೊನ್ನೆ ಹೊಸ ಟ್ಯಾಕ್ಸಿ ತಂದರು. ಅಂಗಳದಲ್ಲಿ ಪೂಜೆ. ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಪಚಕ್ಕನೆ ಒಡೆದದ್ದೇ ತಡ, ಅದರ ಹುಳಿ ವಾಸನೆ, ಕರ್ಪೂರದ ಹೊಗೆ, ಎಣ್ಣೆಯ ಘಾಟು ಮೂರೂ ಕೂಡಿಕೊಂಡು ನನ್ನ ಮೂಗಿಗೆ ಬಂದವು. ಉಳಿದವರು ಕೈಮುಗಿದರು. ನನಗೆ ಸಿಟ್ಟು ನೆತ್ತಿಗೇರಿತು. "ಯಾಕ್ರಿ ಅತ್ತಿ, ಮಾರಿ ಗಂಟು ಹಾಕ್ಕೊಂಡೀರಿ?" ಎಂದು ಸೊಸೆ ಕೇಳಿದಳು. ಕೈಗೊಂದು ಪೇಢೆ ಇಟ್ಟಳು. ಪೇಢೆ ತಿಂದೆ. ಸಿಟ್ಟು ಇಳಿಯಲಿಲ್ಲ.

ನೀವೂ ಕೇಳಬಹುದು, ಯಾರದೋ ಮನೆಗೆ ಕಾರು ಬಂದರೆ ಈ ಮುದುಕಿಗೇನು ಸಂಕಟ ಎಂದು. ಹೊಟ್ಟೆಕಿಚ್ಚಲ್ಲ, ನಂಬಿ. ಸಿಟ್ಟು ನನಗೆ ತವರಿನ ಬಳುವಳಿ. ಬನವಾಸಿಯಲ್ಲಿ ನಮ್ಮ ಅಪ್ಪನದು ಒಣಮೆಣಸಿನಕಾಯಿ ವ್ಯಾಪಾರ. "ಮೆಣಸಿನಕಾಯಿ ಚೀಲದ ಮ್ಯಾಲೆ ಮಲಗಿಸಿ ಬೆಳೆಸ್ಯಾರ ಇಕೀನ್ನ" ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ಮನೆಯಲ್ಲಿ ಇಬ್ಬರ ಪಾಲಿನ ಸಿಟ್ಟನ್ನೂ ನಾನೊಬ್ಬಳೇ ಮಾಡಬೇಕಾಗುತ್ತಿತ್ತು.

ನಮ್ಮ ಜಿಲ್ಲೆಯನ್ನು ಮುಂಬಯಿಯಿಂದ ಬಿಡಿಸಿ ಮೈಸೂರಿಗೆ ಸೇರಿಸಿದ ಮರುವರ್ಷ ಇವರು ಒಂದು ಕಾರು ತಂದರು. ಅಲ್ಲಿಯವರೆಗೆ ಬಸ್ಸು ಓಡಿಸುತ್ತಿದ್ದವರು. ಊರವರಿಗೆಲ್ಲ ಡ್ರೈವರ್ ಶಿವಣ್ಣ. ಕಾರು ಕಪ್ಪು ಬಣ್ಣದ್ದು, ಅರಣ್ಯ ಇಲಾಖೆಯಿಂದ ನಿವೃತ್ತರಾದ ಜಂಗಲ್ ಸಾಹೇಬರೊಬ್ಬರದು. ಮುಂದೆ ನಿಂತು ಹ್ಯಾಂಡಲ್ ತಿರುವಿದರೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ಎದ್ದೇಳುತ್ತಿತ್ತು. ಶಿರಸಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ "ಭಾಡಿಗೆ ಕಾರು" ಎಂದು ಬೋರ್ಡು ಹಚ್ಚಿ ನಿಲ್ಲಿಸಿದರು. ನಿಂತಿತು. ನಿಂತೇ ಇತ್ತು. ಒಬ್ಬ ಗಿರಾಕಿ ಬರಲಿಲ್ಲ.

ಕಾರಣ ನನಗೆ ಕೊಡ ಹೊತ್ತು ಬಾವಿಗೆ ಹೋದಾಗ ಗೊತ್ತಾಯಿತು. ಆಗ ನಮ್ಮ ಕಡೆ ಭಾಡಿಗೆ ಕಾರು ಒಂದು ಮನೆಯ ಮುಂದೆ ನಿಂತಿತೆಂದರೆ ಒಳಗೆ ಯಾರೋ ಸತ್ತಿದ್ದಾರೆ, ಇಲ್ಲವೇ ಸಾಯುತ್ತಿದ್ದಾರೆ ಎಂದೇ ಅರ್ಥ. ಆರೋಗ್ಯವಾಗಿರುವವರು ಬಸ್ಸಿಗೋ ಗಾಡಿಗೋ ಹೋಗುತ್ತಾರೆ. "ನಿಮ್ಮ ಯಜಮಾನ್ರ ಕಾರು ನಮ್ಮ ಓಣಿಗೆ ಬರದಿರಲಿ ತಾಯಿ" ಎಂದು ಒಬ್ಬಾಕೆ ನನ್ನೆದುರಿಗೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು.

ಅಂದೇ ನಾನು ಪ್ರಚಾರಕ್ಕೆ ಇಳಿದೆ. ಆ ಶಬ್ದ ಆಗ ಗೊತ್ತಿರಲಿಲ್ಲ, ಕೆಲಸ ಮಾತ್ರ ಗೊತ್ತಿತ್ತು. ಮೊದಲನೆಯದಾಗಿ, ಇಳಕಲ್ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು, ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ಪೇಟೆಯ ತುಂಬ ಸುತ್ತಾಡಿದೆ. ಕಾರಿನಲ್ಲಿ ಬದುಕಿದವರೂ ಕೂರುತ್ತಾರೆ ಎಂದು ಜನ ನೋಡಲಿ ಎಂಬ ಲೆಕ್ಕ. ಸಿದ್ದಾಪುರದ ದಾರಿಯ ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದೆ. ಅದನ್ನೂ ಜನ ನೋಡಿದರು. ಪ್ರಚಾರ ಎಂದರೆ ಅದೇ, ತೋರಿಸಬೇಕೆಂದದ್ದೊಂದು, ಕಾಣಿಸಿಕೊಳ್ಳುವುದೊಂದು.

ಎರಡನೆಯ ಉಪಾಯ ಫಲಿಸಿತು. ಫೋನಿಲ್ಲದ ಕಾಲ. ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ, ಹೆಗಡೆಕಟ್ಟಾದಲ್ಲಿ ರಸ್ತೆ ಪಕ್ಕದ ಒಂದೊಂದು ಚಹಾದ ಅಂಗಡಿಯವರನ್ನು ಮಾತಾಡಿಸಿ ಒಂದೊಂದು ಕೆಂಪು ಬಟ್ಟೆ ಕೊಟ್ಟೆವು. ಯಾರಿಗಾದರೂ ಕಾರು ಬೇಕಾದರೆ ಆ ಬಟ್ಟೆಯನ್ನು ಅಂಗಡಿಯ ಮುಂದಿನ ಗಳಕ್ಕೆ ಕಟ್ಟಬೇಕು. ಶಿರಸಿಗೆ ಬರುವ ಬಸ್ಸಿನ ಡ್ರೈವರು ಅದನ್ನು ನೋಡಿ ಬಂದು ಇವರಿಗೆ ಹೇಳಬೇಕು. ಬಸ್ಸಿನವರೆಲ್ಲ ಇವರ ಹಳೆಯ ಜೊತೆಗಾರರಾದ್ದರಿಂದ ತಪ್ಪದೆ ಹೇಳುತ್ತಿದ್ದರು. ಒಂದು ಹಸ್ತಪತ್ರಿಕೆಯನ್ನೂ ಅಚ್ಚು ಹಾಕಿಸಿದೆವು. ಅದರ ಒಕ್ಕಣೆ ನನ್ನದು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, "ಕೊಟ್ಟ ಮಾತಿಗೆ ನಿಲ್ಲುವ ಕಾರು." ಆ ಸಾಲು ಬರೆದ ದಿನ ನನಗೆ ಎಷ್ಟು ಜಂಬವಿತ್ತೆಂದರೆ, ರೊಟ್ಟಿ ಬಡಿಯುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಮೆಲ್ಲಗೆ ಜನ ಬಂದರು. ಮೊದಲು ಮದುಮಗನನ್ನು ಕರೆತರಲು, ಆಮೇಲೆ ಸೊಸೆಯನ್ನು ಮನೆ ತುಂಬಿಸಿಕೊಳ್ಳಲು. ಕಾರಿಗೆ ಹೂವಿನ ಸರ ಕಟ್ಟುವುದೇ ನನಗೊಂದು ಕೆಲಸವಾಯಿತು. ಇನ್ನೊಂದು ಕಾರು ಕೊಂಡೆವು, ಅದಕ್ಕೆ ಇಮಾಮಸಾಬ ಎಂಬ ಡ್ರೈವರು ಬಂದ. ಅಷ್ಟು ಹೊತ್ತಿಗೆ ಯಲ್ಲಾಪುರದ ನಾಟಾ ಸಾಹುಕಾರನ ಕಣ್ಣು ನಮ್ಮ ಮೇಲೆ ಬಿತ್ತು. ನಾಟಾ ಎಂದರೆ ಕಾಡಿನ ಮರ, ದಿಮ್ಮಿ. ಅದರ ಕಂತ್ರಾಟಿನಲ್ಲಿ ಬೆಳೆದವನು. ಅವನ ಮನೆ ಮುಂದೆ, ಡಿಪೋ ಹಿಂದೆ, ಎರಡಕ್ಕೂ ಒಂದೇ ಕಬ್ಬಿಣದ ಗೇಟು. ಅಧಿಕಾರಿಗಳು ಬಂದರೆ, ನೆಂಟರು ಬಂದರೆ ನಮ್ಮ ಕಾರೇ ಬೇಕು. ಅವನು ಹತ್ತಿದ ಕಾರು ಎಂದ ಮೇಲೆ ಯಲ್ಲಾಪುರದ ಉಳಿದ ದೊಡ್ಡವರೂ ನಮ್ಮನ್ನೇ ಕರೆದರು. ನಾನೂ ಮೆರೆದೆ, ಸುಳ್ಳೇಕೆ ಹೇಳಲಿ.

ಅವನ ಮಗಳನ್ನು ನೋಡಲು ಹುಬ್ಬಳ್ಳಿಯಿಂದ ದೊಡ್ಡ ಕುಳದವರು ಬರುವವರಿದ್ದರು. ಅವರು ಬರುವುದು ಅವರದೇ ಕಾರಿನಲ್ಲಿ. ಆದರೂ ನಮ್ಮ ಎರಡೂ ಕಾರುಗಳನ್ನು ದಿನವಿಡೀ ಗೊತ್ತು ಮಾಡಿದ. ಯಾತಕ್ಕೆ? ಗೇಟಿನ ಮುಂದೆ ನಿಲ್ಲಿಸಲಿಕ್ಕೆ. ಬೀಗರು ಬಂದಾಗ ಎರಡು ಕಾರು ನಿಂತಿರಬೇಕು, ಸೀಟಿಗೆ ಬಿಳೀ ಹೊದಿಕೆ ಇರಬೇಕು, ಅಷ್ಟೇ. ಆ ಹೊದಿಕೆಗಳನ್ನು ಕೂತು ಹೊಲಿದವಳು ನಾನು.

ಮುಂದಿನದನ್ನು ನನಗೆ ಹೇಳಿದವನು ಇಮಾಮಸಾಬ. ಇವರು ಹೇಳಲೇ ಇಲ್ಲ.

ಮಧ್ಯಾಹ್ನ ಡಿಪೋದಲ್ಲಿ ದಿಮ್ಮಿಯೊಂದು ಜಾರಿ ದ್ಯಾವಪ್ಪ ಎಂಬ ಹಮಾಲನ ತೊಡೆಯ ಮೇಲೆ ಉರುಳಿತು. ಮುಂಡಗೋಡ ಕಡೆಯವನು, ವಯಸ್ಸಿನ ಹುಡುಗ. ಜೊತೆಯವರು ಗೋಣಿತಟ್ಟಿನಲ್ಲಿ ಎತ್ತಿಕೊಂಡು ಬಂದು ಗೇಟಿನ ಹತ್ತಿರ ಮಲಗಿಸಿದರು. ಎರಡು ಕಾರು ಅಲ್ಲೇ ಇವೆಯಲ್ಲ ಎಂಬ ಧೈರ್ಯ ಅವರಿಗೆ. ಅವನ ಹೆಂಡತಿ ಹನುಮವ್ವ ಡಿಪೋದಲ್ಲೇ ತೊಗಟೆ ಆರಿಸುತ್ತಿದ್ದಳು, ಸೆರಗು ಹರಿದು ಅವನ ತೊಡೆಗೆ ಬಿಗಿದಳು. ಇವರು ಕಾರಿನ ಬಾಗಿಲು ತೆಗೆದರು. ಒಳಗಿನಿಂದ ಸಾಹುಕಾರ ಬಂದ.

"ಏ ಶಿವಣ್ಣ, ನಿನಗೆ ತಲೆ ಸರಿ ಉಂಟಾ? ಈಗ ಬೀಗರು ಬರ್ತಾರೆ. ಬಿಳೀ ಬಟ್ಟೆ ಹಾಕಿದ ಸೀಟು ಅದು."

"ಶಿರಸಿ ದವಾಖಾನಿಗೆ ಮುಟ್ಟಿಸಿ ಬಂದುಬಿಡ್ತೀನಿ ಸಾಹುಕಾರ್ರ. ಇನ್ನೊಂದು ಕಾರು ಇಲ್ಲೇ ಇರತೈತಿ."

"ಎರಡು ಅಂತ ಮಾತಾಡಿದ್ದು. ಲಾರಿ ಬರ್ತದೆ, ಅದರಲ್ಲಿ ಕಳಿಸುವಾ."

ಲಾರಿ ಕಾಡಿಗೆ ಹೋಗಿತ್ತು. ಯಾವಾಗ ಬರುವುದೋ ಯಾರಿಗೂ ಗೊತ್ತಿರಲಿಲ್ಲ. ಇವರು ಬೇಡಿಕೊಂಡರು. ಇವರಿಗೆ ಬರುತ್ತಿದ್ದದ್ದು ಅದೊಂದೇ. ಮತ್ತೆ ಮತ್ತೆ ಬೇಡಿಕೊಂಡರು. ಸಾಹುಕಾರ ಕಡೆಗೆ ನಕ್ಕನಂತೆ. "ನಿನ್ನ ಹೆಂಡತಿ ಕಾಗದದಲ್ಲಿ ಎಂತ ಅಚ್ಚು ಹಾಕಿಸಿದ್ದಾಳೆ? ಕೊಟ್ಟ ಮಾತಿಗೆ ನಿಲ್ಲುವ ಕಾರು. ಹಾಗಾದರೆ ನಿಲ್ಲು."

ನನ್ನ ಮಾತು! ನಾನು ರೊಟ್ಟಿ ಬಡಿಯುತ್ತ ಹಾಡಿಕೊಂಡ ಮಾತು. ಅದನ್ನೇ ಆ ಮನುಷ್ಯ ಸಾಯುವವನ ಮೇಲೆ ಎಳೆದು ಮುಚ್ಚಿದ. 

ಇವರು ಬೇಡುವುದು ಬಿಟ್ಟರು. ದ್ಯಾವಪ್ಪನನ್ನು ಎತ್ತಿ ಬಿಳೀ ಹೊದಿಕೆಯ ಮೇಲೆ ಮಲಗಿಸಿದರು. ಹನುಮವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ಇವತ್ತು ಹೋದರೆ ಮತ್ತೆ ಈ ಊರಿಗೆ ಕಾರು ತರಬೇಡ" ಎಂದು ಸಾಹುಕಾರ ಕೂಗಿದ್ದು ಹ್ಯಾಂಡಲ್ ತಿರುವುವ ಸದ್ದಿನಲ್ಲೂ ಕೇಳಿಸಿತಂತೆ. ಬೇಡ್ತಿ ಹೊಳೆ ದಾಟುವವರೆಗೆ ದ್ಯಾವಪ್ಪ ನೀರು ನೀರು ಎನ್ನುತ್ತಿದ್ದ, ಇದು ಆಮೇಲೆ ಹನುಮವ್ವನಿಂದ ತಿಳಿದದ್ದು. ಮಂಚಿಕೇರಿ ದಾಟಿದ ಮೇಲೆ ಕೇಳಲಿಲ್ಲ. ದವಾಖಾನೆಯ ಡಾಕ್ಟರು ರೆಪ್ಪೆ ಬಿಡಿಸಿ ನೋಡಿ, "ಇಷ್ಟು ತಡ ಯಾಕೆ ಮಾಡಿದಿರಿ? ರಕ್ತವೆಲ್ಲ ಹೋಗಿದೆ" ಎಂದರು.

ವಾರ ಕಳೆಯುವುದರೊಳಗೆ ಯಲ್ಲಾಪುರದಿಂದ ಸಿದ್ದಾಪುರದವರೆಗೆ ಒಂದು ಸುದ್ದಿ ಹರಡಿತು. ಲಾರಿಯಲ್ಲಿ ನೆಟ್ಟಗೆ ಮಲಗಿಸಿ ಒಯ್ದಿದ್ದರೆ ಹಮಾಲ ಬದುಕುತ್ತಿದ್ದ, ಶಿವಣ್ಣ ಹಟ ಮಾಡಿ ಕಾರಿನಲ್ಲಿ ತುರುಕಿ ಕುಲುಕಾಡಿಸಿ ಕೊಂದ. ಸತ್ತದ್ದು ಡಿಪೋದಲ್ಲಲ್ಲ, ಕಾರಿನಲ್ಲಿ. ಹಾಗೆಂದ ಮೇಲೆ ಸಾಹುಕಾರ ಪರಿಹಾರ ಕೊಡಬೇಕಾದ್ದೂ ಇಲ್ಲ. ಎಷ್ಟು ಚೊಕ್ಕ ಕೆಲಸ ನೋಡಿ! ನನಗೆ ಅದಕ್ಕಿಂತ ಉರಿದದ್ದು ಕೇಳಿದವರು ನಂಬಿದ್ದು. ಹಳೆಯ ಭಯ ಹೊದ್ದು ಮಲಗಿತ್ತಷ್ಟೆ, ಸತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಹೆಸರು ಹುಟ್ಟಿತು, ಹೆಣದ ಕಾರು. ಗೊತ್ತಾಗಿದ್ದ ಮದುವೆಯ ಭಾಡಿಗೆಗಳೆಲ್ಲ ಒಂದೊಂದಾಗಿ ಬಿಟ್ಟುಹೋದವು.

"ನೀವು ಹೋಗಿ ಹೇಳ್ರಿ. ನಡೆದದ್ದು ನಡೆದಂಗ ಹೇಳ್ರಿ" ಎಂದು ಇವರಿಗೆ ಗಂಟುಬಿದ್ದೆ.

"ಹೇಳಿದ್ರ ಸತ್ತಾಂವ ಬರ್ತಾನೇನು?"

"ನಿಮಗ ಸಿಟ್ಟಽ ಬರೂದಿಲ್ಲೇನ್ರಿ?"

"ಮೊದಲಽ ಹೊತ್ತುಕೊಂಡು ಹೋಗಬೇಕಿತ್ತು. ಬೇಡಿಕೋತ ನಿಂತೆ" ಎಂದರು. ಅವರಿಗೆ ತಮ್ಮ ಮೇಲೇ ಇದ್ದ ಸಿಟ್ಟನ್ನು ನಾನು ಕಂಡದ್ದು ಆಗ, ಅದೊಂದೇ ಸಲ.

ನಾನು ನಿಂತಲ್ಲೇ ಎರಡನೆಯ ಹಸ್ತಪತ್ರಿಕೆ ಬರೆದೆ. ನಡೆದದ್ದೆಲ್ಲ ಇತ್ತು, ಸಾಹುಕಾರನ ಹೆಸರೂ ಇತ್ತು. ಅಚ್ಚಿನ ಅಂಗಡಿಯವರು ಓದಿ, ಕನ್ನಡಕ ತೆಗೆದು, "ನಾಳೆ ನಾನೂ ಇದೇ ಊರಲ್ಲಿ ಇರಬೇಕಲ್ಲ ತಂಗೀ" ಎಂದು ಹಾಳೆ ಮಡಿಸಿ ವಾಪಸ್ಸು ಕೊಟ್ಟರು. ಮನೆಯಲ್ಲಿ ಹನುಮವ್ವ ಇದ್ದಳು. ಮಣ್ಣು ಮಾಡಿದ ಮೇಲೆ ಅವಳನ್ನು ನಾವು ಕರೆದುತಂದಿದ್ದೆವು. ಅಚ್ಚಿನವರ ಮಾತು ಕೇಳಿ ಅವಳು ಎದ್ದು ಬಂದಳು. "ಅಚ್ಚ ಹಾಕಸೂದು ಬ್ಯಾಡ್ರಿ ಅಕ್ಕಾರ. ನನಗ ಬಾಯಿ ಐತಿ."

ಯಲ್ಲಾಪುರದ ಸಂತೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಸಂತೆಯ ನಡುವೆ ನಾನು ಅವಳ ಬೆನ್ನ ಹಿಂದೆ ಸರಿದು ನಿಂತೆ. ಮನೆಯಲ್ಲಿ ಪಾತ್ರೆ ಕುಕ್ಕುವ ಶೂರತನ ಅಲ್ಲಿ ಎಲ್ಲಿ ಹೋಯಿತೋ! ಹನುಮವ್ವ ಮಾತ್ರ ಬುಟ್ಟಿಗಳ ನಡುವೆ ನೆಟ್ಟಗೆ ನಿಂತು, ಬದನೆಕಾಯಿ ಮಾರುವವರು ಕೂಗುವ ದನಿಯಲ್ಲೇ ಕೂಗಿದಳು.

"ಎಲ್ಲಾರೂ ಕೇಳ್ರಿ. ನನ್ನ ಗಂಡ ಕಾರಿನ್ಯಾಗ ಸತ್ತಿಲ್ಲ. ಆ ಗೇಟಿನ ಮುಂದ ಕಾಯ್ಕೋತ ಸತ್ತಾನ. ಎರಡು ಕಾರು ಖಾಲಿ ನಿಂತಿದ್ವು. ಬಿಳೀ ಬಟ್ಟಿ ಹೊಲಸಾಕ್ಕೈತಿ ಅಂತ ಬಿಡಲಿಲ್ಲ. ಒಯ್ದಾಂವ ಒಬ್ಬಾಂವ, ಅವಂಗಽ ಕೊಂದಾನಂತೀರಿ. ನಿಮ್ಮ ಬಾಯಾಗ ಹುಳಾ ಬೀಳಲಿ."

ಜನ ಕೇಳಿದರು. ಕೇಳಿಸಿತು ಎಂದು ನಾನು ಬಲ್ಲೆ, ಏಕೆಂದರೆ ಚೌಕಾಶಿ ಮಾಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಅಂದು ಗೋಣಿತಟ್ಟು ಹೊತ್ತು ತಂದಿದ್ದ ಹಮಾಲರಲ್ಲಿ ಕೆಲವರು ಅಲ್ಲೇ ಇದ್ದರು, ತಲೆ ತಗ್ಗಿಸಿದರು. ನಮ್ಮ ಪಕ್ಕದಲ್ಲಿ ಮೆಣಸು ತೂಗುತ್ತಿದ್ದವನು ತಕ್ಕಡಿ ಹಿಡಿದೇ ನಿಂತಿದ್ದ. ಒಬ್ಬರಾದರೂ "ಹೌದು, ನಾನು ಕಂಡೆ" ಎನ್ನಲಿಲ್ಲ. ಆಮೇಲೆ ತಕ್ಕಡಿ ಮೇಲೆದ್ದಿತು, ಚೌಕಾಶಿ ಮತ್ತೆ ಶುರುವಾಯಿತು. ಬಡವರು ಹೆದರಿದರೆ ನನಗೆ ಅರ್ಥವಾಗುತ್ತದೆ. ಕೊಡೆ ಹಿಡಿದು, ಕೋಟು ಹಾಕಿ, ಸಾಹುಕಾರನ ಹಂಗಿಲ್ಲದೆ ಬದುಕುತ್ತಿದ್ದವರೂ ಅಲ್ಲಿದ್ದರು. ಅವರು ತರಕಾರಿ ಕೊಂಡು ಮನೆಗೆ ಹೋದರು.

ಹನುಮವ್ವ ತನ್ನ ತವರಿಗೆ ಹೋದಳು. ಎರಡನೆಯ ಕಾರು ಮಾರಿದೆವು, ಇಮಾಮಸಾಬ ಲಾರಿ ಓಡಿಸಲು ಹೋದ. ಸಿದ್ದಾಪುರದ ಚಹಾದಂಗಡಿಯ ಭಟ್ಟರು ಕೆಂಪು ಬಟ್ಟೆ ತೆಗೆದಿಟ್ಟಿದ್ದಾರೆ ಎಂದು ತಿಳಿದು ನಾನೇ ಹೋದೆ. "ನಾನು ಎಂತ ಮಾಡ್ಲಿ ತಂಗಿ? ಅದನ್ನ ಕಂಡ್ರೆ ಗಿರಾಕಿ ಒಳಗೆ ಬತ್ವಿಲ್ಲೆ" ಎಂದು ಭಟ್ಟರು ಕೈ ಹಿಸುಕಿಕೊಂಡರು. "ನಿಮ್ಮ ಮನ್ಯಾಗ ಯಾರಿಗಾದ್ರೂ ಹೆರಿಗಿ ಬ್ಯಾನಿ ಬಂದ್ರ ಆಗ ಏನು ಕಟ್ತೀರಿ?" ಎಂದೆ. ಭಟ್ಟರು ಒಳಗೆ ಹೋಗಿ ಬಟ್ಟೆ ಹೊರಗೆ ತಂದಿಟ್ಟರು.

ಅದು ಮತ್ತೆ ಗಳಕ್ಕೇರಿತು, ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ, ಜ್ವರ ತಲೆಗೇರಿದ್ದಕ್ಕೆ. ಮದುವೆಗೆ ಎಂದೂ ಅಲ್ಲ. ಬಾವಿಕಟ್ಟೆಯಲ್ಲಿ ಹೆಣದ ಕಾರು ಎಂದು ಹೆಸರಿಟ್ಟವಳೇ ಬೆಳಗಿನ ಜಾವ ಮಗಳ ಹೆರಿಗೆಗೆಂದು ನಮ್ಮ ಕದ ಬಡಿದಳು. "ಈಗ ನೆನಪಾತೇನು ನಮ್ಮ ಕಾರು?" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಹಿತ್ತಲ ಬಾಗಿಲಿನಿಂದ ಹೋಗಿ ಇವರು ಆಗಲೇ ಹ್ಯಾಂಡಲ್ ತಿರುವುತ್ತಿದ್ದರು. ಆ ಮಗಳ ಮಗನ ಮದುವೆಯಾದಾಗ ಕಾರು ಹುಬ್ಬಳ್ಳಿಯಿಂದ ತರಿಸಿದರು. ಇದನ್ನು ನಾನು ಕ್ಷಮಿಸಬೇಕೆ? ಇವರು ಕ್ಷಮಿಸಿದರು, ಕಣ್ಣು ಮುಚ್ಚುವವರೆಗೂ. ಕ್ಷಮಿಸಲಿಕ್ಕೆ ಒಬ್ಬರಿದ್ದರೆ ಸಾಕು ಮನೆಯಲ್ಲಿ.

ಭಾಡಿಗೆ ಕಾರಿಗೆ ಜನ ಕೈಮುಗಿದದ್ದು ಕಂಡು ಪೂಜೆಯ ದಿನ ಬಂದ ಸಿಟ್ಟನ್ನು ಇಳಿಸಿಕೊಳ್ಳಲೆಂದು ಬರೆಯಲು ಕೂತವಳು ನಾನು. ಇಲ್ಲಿಗೆ ಬರುವಾಗ ಅದು ಹೆಚ್ಚೇ ಆಗಿದೆ. ಹೋದ ತಿಂಗಳು ಯಲ್ಲಾಪುರದಿಂದ ಇಬ್ಬರು ಬಂದಿದ್ದರು, ಒಳ್ಳೆಯ ಹುಡುಗರು, ಕಾಲಿಗೆ ನಮಸ್ಕಾರ ಮಾಡಿದರು. ಸಾಹುಕಾರನ ಜನ್ಮಶತಾಬ್ದಿಯಂತೆ. ದೊಡ್ಡ ಫೋಟೋ, ಸಭೆ, ಊಟ. "ಅವರನ್ನು ಕಂಡವರು ಅಂತ ಉಳಿದವರೇ ಕಡಿಮೆ ಅಜ್ಜಿ. ನಿಮ್ಮ ಯಜಮಾನರಿಗೆ ಮೊದಲು ಕೆಲಸ ಕೊಟ್ಟವರೂ ಅವರೇ ಅಂತೆ. ನೀವು ಎರಡು ಮಾತು ಆಡಬೇಕು" ಎಂದರು. ಮಂಡಿ ನೋವು, ಬರಲಾರೆ ಎಂದು ಕಳಿಸಿದ್ದೆ.

ಇವತ್ತು ಸೊಸೆಯಿಂದ ಫೋನು ಮಾಡಿಸಿದೆ, ಬರುತ್ತೇನೆ ಎಂದು. "ಅಲ್ಲಿ ಜಗಳಾ ತಗೀಬ್ಯಾಡ್ರಿ ಅತ್ತಿ" ಎಂದಳು ಅವಳು. ಜಗಳವೇನಿಲ್ಲ. ಅವನ ಹೆಸರನ್ನು ನಾನು ಇಲ್ಲೂ ಬರೆದಿಲ್ಲ, ಅಲ್ಲೂ ಹೇಳುವುದಿಲ್ಲ. ಅದು ಬೇಕಾದಷ್ಟು ಶಿಲಾನ್ಯಾಸದ ಕಲ್ಲುಗಳ ಮೇಲಿದೆ. ದ್ಯಾವಪ್ಪ ಎಂದು ಒಬ್ಬನಿದ್ದ ಎಂದು ಹೇಳಿ, ಅವನು ಎಲ್ಲಿ ಮಲಗಿದ್ದ, ಯಾಕೆ ಮಲಗಿದ್ದ ಎಂದು ಹೇಳಿ, ಕೂತುಬಿಡುತ್ತೇನೆ. ಇಷ್ಟು ವರ್ಷ ನನ್ನ ಸಿಟ್ಟು ಅಡುಗೆಮನೆಯಲ್ಲೇ ಸುತ್ತುತ್ತಿತ್ತು. ಈಗ ಅದಕ್ಕೆ ಹೋಗಲು ಒಂದು ಊರು ಸಿಕ್ಕಿದೆ.