ಅಡಿವೆವ್ವನ ಸಾಲು

ಹಿರೇಕೆರೂರು ಕಡೆಯ ಹತ್ತಿ ಬೀಜದ ಹೊಲಗಳಲ್ಲಿ ತಳಿ ಬೆರೆಸುವ ಕ್ರಾಸಿಂಗ್ ಕೆಲಸಕ್ಕೆ ಅಡಿವೆವ್ವನ ಗುಂಪೆಂದರೆ ಅದಕ್ಕೊಂದು ತೂಕವಿತ್ತು. ಮಧ್ಯಾಹ್ನದ ಮೇಲೆ ಮೊಗ್ಗು ಸುಲಿದು ಒಳಗಿನ ಗಂಡು ಕೇಸರವನ್ನು ಉಗುರಿನಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಒಂದೆಳೆ ಕೇಸರ ಉಳಿದರೂ ಬೀಜ ಕಲಬೆರಕೆ. ಹನ್ನೆರಡು ಹೆಂಗಸರ ಬೆನ್ನ ಹಿಂದೆ ಯಾರು ಕಾವಲು ನಿಂತಾರು? ಅದಕ್ಕೇ ಅಡಿವೆವ್ವ ಇಪ್ಪತ್ತು ವರ್ಷದ ಹಿಂದೆಯೇ ಒಂದು ಕಟ್ಟು ಹಾಕಿದ್ದಳು: ತಪ್ಪಿದರೆ ಬಾಯಿಬಿಟ್ಟು ಹೇಳಿ, ಆ ಮೊಗ್ಗು ಚಿವುಟಿ ಒಗೆಯೋಣ, ಯಾರೂ ಬೈಯುವುದಿಲ್ಲ. ಇವತ್ತಿನವರೆಗೆ ಬೈದದ್ದೂ ಇಲ್ಲ.

ಬಗ್ಗಿ ಬಗ್ಗಿ ಅವಳ ಸೊಂಟ ಮೊದಲೇ ಸತ್ತಿತ್ತು. ಈ ವರ್ಷ ಕಣ್ಣೂ ಕೈಕೊಟ್ಟಿತು. ಮೊಗ್ಗು ಕಾಣುತ್ತಿತ್ತು, ಒಳಗಿನ ಎಳೆ ಕಾಣುತ್ತಿರಲಿಲ್ಲ. ಹೇಳಿಬಿಟ್ಟರೆ ಗುಂಪಿನಿಂದ ಹೊರಗೆ, ಆಮೇಲೆ ಅಡಿವೆವ್ವ ಅಂತ ಕರೆಯುವವರಾದರೂ ಯಾರು? ದಿನಾ ಹೇಳಬೇಕೆಂದುಕೊಂಡಳು, ದಿನಾ ನುಂಗಿಕೊಂಡಳು. ಊರಿಗೆ ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು ಬಿಡಿ.

ಒಂದು ಬೆಳಿಗ್ಗೆ ಬೀಜದ ಕಂಪನಿಯ ಕೊಟ್ರೇಶ ಹೊಲ ನೋಡಲು ಬಂದವನು ಒಂದೇ ಸಾಲಿನಲ್ಲಿ ಮೂರು ಮೊಗ್ಗು ಬಿಡಿಸಿ ತೋರಿಸಿದ. ಮೂರರಲ್ಲೂ ಕೇಸರ ಹಾಗೇ ಇತ್ತು. ಈ ಸಾಲು ಯಾರದೋ ಅವರನ್ನು ಕೆಲಸದಿಂದ ಬಿಡಿಸಿ, ಇಲ್ಲದಿದ್ದರೆ ಇಡೀ ಹೊಲವನ್ನೇ ಕೈಬಿಡುತ್ತೇನೆ ಎಂದ.

"ನಂದ್ರಿ," ಎಂದಳು ಪಕ್ಕದ ಸಾಲಿನ ನೀಲಾಂಬಿಕಾ.

ಸಾಲು ತನ್ನದೆಂದು ಅಡಿವೆವ್ವನಿಗೆ ಗೊತ್ತು. ಆದರೂ ಒಂದು ಗಳಿಗೆ ಸುಮ್ಮನೇ ನಿಂತಿದ್ದಳು, ಅದನ್ನೂ ಮುಚ್ಚಿಡಬಾರದು. ಆಮೇಲೆ ಹೇಳಿದಳು: "ಅಕೀದಲ್ರಿ, ನಂದು. ನನಗ ಕಣ್ಣು ಕಾಣವಲ್ಲವು."

ಕೊಟ್ರೇಶ ಆ ಸಾಲಿನ ಮೊಗ್ಗನ್ನೆಲ್ಲ ಕೀಳಿಸಿ ಹೋದ. ಅವನು ಹೋದದ್ದೇ ತಡ, ಅಡಿವೆವ್ವ ನೀಲಾಂಬಿಕಾಳ ಮೇಲೆ ಹರಿಹಾಯ್ದಳು. ಅವಳು ತಲೆ ಎತ್ತದೆ ಎಲ್ಲ ಹೇಳಿದಳು. ಹದಿನೈದು ದಿನದಿಂದ ಅಡಿವೆವ್ವನ ಹಿಂದೆ ಯಾರಾದರೊಬ್ಬರು ಬಂದು ಆ ಸಾಲನ್ನು ಮತ್ತೆ ನೋಡುತ್ತಿದ್ದರಂತೆ. ನಿನ್ನೆಯ ಪಾಳಿ ನೀಲಾಂಬಿಕಾಳದು. ಜ್ವರ ಬಂದು ಬೇಗ ಮನೆಗೆ ಹೋಗಿದ್ದಳು.

"ಎಲ್ಲಾರಿಗೂ ಗೊತ್ತಿತ್ತಾ? ನನಗ್ಯಾಕ ಹೇಳಲಿಲ್ಲ?"

"ನೀನ ಹೇಳ್ತಿ ಅಂತ ಕಾಯಾಕತ್ತಿದ್ವಿ, ದೊಡ್ಡವ್ವಾ."

ಅಡಿವೆವ್ವ ಬದುವಿನ ಮೇಲೆ ಕುಳಿತಳು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.