ನಾಗವೇಣಿ ಮೇಡಂ ಮತ್ತು ಗೌರಿಯ ಎಡಗೈ

ಮಗುವನ್ನು ಮುಟ್ಟುವ ಮೊದಲು ನಾಗವೇಣಿ ಮೇಡಂ ತಮ್ಮ ಎರಡೂ ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವರು ಫಿಸಿಯೋಥೆರಪಿಸ್ಟ್. ದಪ್ಪ ದನಿ, ಬಳೆಯಿಲ್ಲದ ಕೈ, ಮೊಟಕಾಗಿ ಕತ್ತರಿಸಿದ ಉಗುರು.

ಹೆರಿಗೆಯಲ್ಲಿ ನನ್ನ ಮಗಳು ಗೌರಿಯ ಭುಜ ಸಿಕ್ಕಿಕೊಂಡಿತ್ತು. ಹುಟ್ಟಿದಾಗಿನಿಂದ ಅವಳ ಎಡಗೈ ಬಟ್ಟೆಯ ತೋಳಿನಂತೆ ಜೋತುಬಿದ್ದಿತ್ತು.

"ಕತ್ತಿನಿಂದ ಕೈಗೆ ಐದು ನರ ಇಳಿತಾವಮ್ಮ. ಮೇಲಿನ ಎರಡು ಜಗ್ಗಿದಾವೆ. ಕೆಳಗಿನವು ಚೆನ್ನಾಗವೆ, ಅದಕ್ಕೇ ಬೆರಳು ಹಿಡಿತಾಳೆ ನೋಡು," ಎಂದರು ಮೇಡಂ. ಆಮೇಲೆ ಮಗುವಿನ ತೋಳಿನ ಮುಂಭಾಗ ಸವರಿ, "ಮೊಣಕೈ ಮಡಚೋ ಸ್ನಾಯು ಇದು. ಮೂರು ತಿಂಗಳೊಳಗೆ ಇದು ಎದ್ರೆ ಅರ್ಧ ಗೆದ್ದಂಗೆ."

"ಏಳದಿದ್ರೆ?"

"ಬೆಂಗಳೂರಿಗೆ ಕಳಿಸಿ ಆಪರೇಷನ್ ಬಗ್ಗೆ ಕೇಳಾಣ. ಈಗ್ಲೇ ಅಳಬ್ಯಾಡ."

ಅಳಲಿಲ್ಲ, ಆದರೆ ನಿದ್ದೆಯೂ ಬರಲಿಲ್ಲ. ಹಾಲು ಕುಡಿಸುವಾಗ, ಸ್ನಾನ ಮಾಡಿಸುವಾಗ ನನ್ನ ಕಣ್ಣು ಆ ಮೊಣಕೈ ಮೇಲೆಯೇ. ಎರಡು ತಿಂಗಳು ಕಳೆದರೂ ಅದು ಮಡಚಲಿಲ್ಲ. ಕೈ ಎಳೆದು ಸರಿಮಾಡುವವರೊಬ್ಬರು ಇದ್ದಾರೆಂದು ಯಾರೋ ಹೇಳಿದ್ದೇ ತಡ, ನಮ್ಮತ್ತೆ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೊರಡಲು ನಿಂತರು. ನಾನು ಮೇಡಂಗೆ ಫೋನ್ ಮಾಡಿದೆ. ಅವರು ಬಸ್ಸು ಹಿಡಿದು ನಮ್ಮೂರು ಹಿರೇಗುಂಟನೂರಿಗೇ ಬಂದುಬಿಟ್ಟರು.

ಬೈಯುತ್ತಾರೆಂದುಕೊಂಡಿದ್ದೆ. ಅವರು ಅತ್ತೆಯ ಕೈ ಹಿಡಿದು ತಮ್ಮ ತೋಳಿನ ಮೇಲಿಟ್ಟುಕೊಂಡು ಮೊಣಕೈ ಮಡಚಿದರು.

"ಉಬ್ತಾ ಅಜ್ಜಿ?"

"ಹೂಂ, ಉಬ್ತು."

"ಕೂಸಿನ ತೋಳಾಗೆ ಹಿಂಗೆ ಉಬ್ಬೋದನ್ನ ಮೊದ್ಲು ನೀವೇ ಕಾಣ್ಬೇಕು. ಎಳೆಸಿದ್ರೆ ಇರೋ ನರಾನೂ ಹೋಗ್ತದೆ. ಕುಂತ್ಕಳ್ರಿ, ಹೆಂಗೆ ಮುಟ್ಟಬೇಕು ಅಂತ ತೋರಿಸ್ತೀನಿ."

ಅಂದಿನಿಂದ ಅತ್ತೆ ಮೊಮ್ಮಗಳನ್ನು ಬಿಟ್ಟು ಏಳಲಿಲ್ಲ. ಮೂರನೇ ತಿಂಗಳು ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಕೂಗಿದರು: "ಲೇ, ಬಾರೇ ಇಲ್ಲಿ! ಬೆರಳಡಿ ಏನೋ ಹರಿದಾಡ್ದಂಗಾತು!"

ದುರ್ಗಕ್ಕೆ ಓಡಿದೆವು. ಮೇಡಂ ಕಣ್ಣು ಮುಚ್ಚಿ ತೋಳು ಹಿಡಿದು ಬಹಳ ಹೊತ್ತು ಕೂತರು. ಅಷ್ಟರಲ್ಲಿ ನಾನು ನೆನೆಯದ ದೇವರಿಲ್ಲ.

"ಎದ್ದೈತೆ," ಎಂದವರು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಮೊಣಕೈ ಮಡಚಿತು. ಆದರೆ ಗೌರಿಗೆ ಮೂರು ವರ್ಷವಾದಾಗ ಮೇಡಂ ಹೇಳಿದರು: "ಭುಜ ಪೂರ್ತಿ ಮ್ಯಾಲೇಳಲ್ಲಮ್ಮ. ಆಸೆ ತೋರ್ಸಿ ನಿನ್ನ ಓಡಾಡ್ಸಕೆ ನನಗೆ ಮನಸಿಲ್ಲ." ಸಿಟ್ಟಿನಲ್ಲಿ ನಾನು ಹೋಗಿಬರುತ್ತೇನೆಂದೂ ಹೇಳದೆ ಎದ್ದು ಬಂದೆ. ಮುಂದಿನ ವಾರ ಮತ್ತೆ ಅವರ ಬಾಗಿಲಲ್ಲೇ ನಿಂತಿದ್ದೆ. ಅವರು ಅಂಗೈಗಳನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಮಗುವನ್ನು ಎತ್ತಿಕೊಂಡರು.

ಮೇಡಂ ನಿವೃತ್ತರಾಗಿ ಹೊಳಲ್ಕೆರೆಗೆ ಹೋದ ಮೇಲೆ ಒಂದು ಬೇಸಿಗೆಯಲ್ಲಿ ಅವರ ಮನೆಗೆ ಹೋಗಿದ್ದೆವು. ಗೌರಿ ಆಗ ಶಾಲೆಗೆ ಹೋಗುತ್ತಿದ್ದಳು.

"ಜಡೆ ಯಾರು ಹಾಕಿದ್ದು?" ಎಂದು ಮೇಡಂ ಕೇಳಿದರು.

"ನಾನೇ."

"ಎಡಗೈ ತಲೆ ಹಿಂದಕ್ಕೆ ಹೋಗಲ್ವಲ್ಲೇ?"

ಗೌರಿ ಜಡೆ ಬಿಚ್ಚಿದಳು. ತಲೆಯನ್ನು ಎಡಕ್ಕೆ ಬಾಗಿಸಿ, ಕೂದಲನ್ನು ಎಡಭುಜದ ಮುಂದೆ ಎಳೆದುಕೊಂಡು, ಎರಡೂ ಕೈಯಲ್ಲಿ ಸರಸರನೆ ಹೆಣೆದು ತೋರಿಸಿದಳು.

"ಇದನ್ನ ನಾನು ಕಲಿಸಿರ್ಲಿಲ್ಲ," ಎಂದರು ಮೇಡಂ.

ಆ ಬೇಸಿಗೆ ಮುಗಿಯುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು.